ತಲೆಸುತ್ತಿನ ಮಾತ್ರೆ ಮನಸ್ಸನ್ನು ಮುಟ್ಟುವುದಿಲ್ಲವೇ?

ಬೆಂಗಳೂರಿನ ಅಪಾರ್ಟ್‌ಮೆಂಟ್ ಗ್ರೂಪುಗಳಲ್ಲಿ ಆಗಾಗ ಒಂದು ಸಂದೇಶ ಬರುತ್ತದೆ: ತಲೆಸುತ್ತಿನ ಮಾತ್ರೆ ಕೆಲಸ ಮಾಡುವುದು ಕಿವಿಯ ಮೇಲಷ್ಟೇ, ಎಷ್ಟು ದಿನ ನುಂಗಿದರೂ ತೊಂದರೆಯಿಲ್ಲ. ಕಳಿಸುವವರ ಉದ್ದೇಶ ಒಳ್ಳೆಯದೇ. ಮಾತು ಮಾತ್ರ ತಪ್ಪು.

ಸಿನ್ನರಿಜಿನ್, ಪ್ರೊಕ್ಲೋರ್‌ಪೆರಜಿನ್‌ನಂಥ ಮಾತ್ರೆಗಳು ಮೆದುಳಿನಲ್ಲಿ ಮನಸ್ಸು, ಚಲನೆ ಎರಡಕ್ಕೂ ಬೇಕಾದ ಡೋಪಮಿನ್ ಎಂಬ ರಾಸಾಯನಿಕದ ಕೆಲಸವನ್ನೂ ತಡೆಯುತ್ತವೆ. ಹಾಗಾಗಿ ಕೆಲವರಿಗೆ ಮನಸ್ಸು ಮಂಕಾಗಬಹುದು, ಕೂತಲ್ಲಿ ಕೂರಲಾಗದ ಚಡಪಡಿಕೆ, ಕೈನಡುಕ ಬರಬಹುದು. ತಿಂಗಳುಗಟ್ಟಲೆ ತೆಗೆದುಕೊಳ್ಳುವ ಹಿರಿಯರಿಗೆ ಈ ಅಪಾಯ ಜಾಸ್ತಿ. ಮನೆಯವರು ‘ವಯಸ್ಸಾಯ್ತು ಅಲ್ವಾ’ ಅಂತ ಸುಮ್ಮನಾಗಿಬಿಡುತ್ತಾರೆ. ನನಗೆ ಸಂಕಟವಾಗುವುದು ಅದಕ್ಕೇ. ಎಲ್ಲರಿಗೂ ಹೀಗಾಗುವುದಿಲ್ಲ, ತಲೆಸುತ್ತು ಜೋರಾದಾಗ ಕೆಲವು ದಿನಕ್ಕೆ ಇವು ನಿಜಕ್ಕೂ ಉಪಯೋಗಕ್ಕೆ ಬರುತ್ತವೆ.

ಸ್ಟ್ರಿಪ್ ಮೇಲೆ ಬ್ರ್ಯಾಂಡ್ ಜೊತೆ ಔಷಧದ ಮೂಲ ಹೆಸರೂ ಇರುತ್ತದೆ. ಆ ಹೆಸರು ಹೇಳಿ, ಅಡ್ಡಪರಿಣಾಮಗಳೇನು ಅಂತ ಮೆಡಿಕಲ್ ಶಾಪಿನ ಫಾರ್ಮಸಿಸ್ಟ್ ಹತ್ತಿರ ಕೇಳಿ. ಮಾತ್ರೆ ಶುರುವಾದ ದಿನ, ಬದಲಾವಣೆ ಕಂಡ ದಿನ ಎರಡನ್ನೂ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಅವರನ್ನು ಕೇಳದೆ ನೀವೇ ನಿಲ್ಲಿಸಬೇಡಿ.