ಹಿಡಿ ಇಲ್ಲದ ಬಟ್ಟಲು, ಎರಡು ಕೈ

ಮೈಂಡ್‌ಫುಲ್ ಆಗಿ ಚಹಾ ಕುಡಿಯುವುದು ಹೇಗೆ ಅಂತ ಈಗ ಎಲ್ಲಿ ನೋಡಿದರೂ ವಿಡಿಯೊಗಳು. ಕಣ್ಣು ಮುಚ್ಚಿ, ಉಸಿರು ಗಮನಿಸಿ, ನಿಧಾನಕ್ಕೆ ಒಂದು ಗುಟುಕು ಕುಡಿಯಿರಿ ಅನ್ನುತ್ತಾರೆ. ಅದರಿಂದ ಯಾರಿಗಾದರೂ ನೆಮ್ಮದಿ ಸಿಕ್ಕರೆ ಒಳ್ಳೆಯದೇ. ಆದರೆ ಚಹಾ ಕುಡಿಯುವುದನ್ನೇ ಒಂದು ವಿದ್ಯೆಯಾಗಿ ಬೆಳೆಸಿದ ಜಪಾನಿನ ಚಹಾ ಕೋಣೆಯಲ್ಲಿ ಕಣ್ಣು ಮುಚ್ಚುವ ಕ್ರಮವೇ ಇಲ್ಲ. ಅಲ್ಲಿ ಎಲ್ಲರೂ ಕಣ್ಣು ಬಿಟ್ಟು ನೋಡುತ್ತಾರೆ. ನೋಡುವುದು ಬಟ್ಟಲನ್ನು. ಗಮನ ಇಡಬೇಕು ಅಂತ ಮನಸ್ಸಿಗೆ ಎಷ್ಟು ಸಲ ಹೇಳಿದರೂ ಅದು ಕೇಳುವುದಿಲ್ಲ, ಕೈಯಲ್ಲಿ ಒಳ್ಳೆಯ ಬಟ್ಟಲು ಇದ್ದರೆ ಹೇಳುವ ಅಗತ್ಯವೇ ಬರುವುದಿಲ್ಲ ಅನ್ನೋದು ನನ್ನ ನಂಬಿಕೆ.

ಅಲ್ಲಿ ಏನು ನಡೆಯುತ್ತದೆ ನೋಡಿ. ಮೊದಲು ಬಟ್ಟಲಿಗೆ ಬಿಸಿನೀರು ಹಾಕಿ ಬೆಚ್ಚಗೆ ಮಾಡಿ ಒರೆಸುತ್ತಾರೆ. ಸುಮಾರು 2 ಗ್ರಾಂ ಮಾಚಾ, ಅಂದರೆ ಹಸಿರು ಚಹಾ ಎಲೆಯ ನುಣ್ಣನೆ ಪುಡಿ, ಕುದಿ ಇಳಿದ 70 ಮಿಲಿ ನೀರು, ಬಿದಿರಿನ ಕುಂಚದಿಂದ ನೊರೆ ಬರುವ ತನಕ ಕಡೆಯುವುದು. ನಮ್ಮ ಲೆಕ್ಕಕ್ಕೆ ಅರ್ಧ ಲೋಟವೂ ಆಗದ ಚಹಾ. ಅಷ್ಟನ್ನು ದೊಡ್ಡ ಬಟ್ಟಲಲ್ಲಿ ಕೊಡುತ್ತಾರೆ, ಅದಕ್ಕೊಂದು ಮುಖ ಅಂತ ಇರುತ್ತದೆ, ಆ ಮುಖ ಅತಿಥಿಯ ಕಡೆಗೆ ಇರುವಂತೆ ಇಡುತ್ತಾರೆ. ಅತಿಥಿ ಅದನ್ನು ಎಡಗೈ ಅಂಗೈ ಮೇಲೆ ಕೂರಿಸಿ, ಬಲಗೈಯಿಂದ ಬಳಸಿ ಹಿಡಿದು, ಚೆಂದದ ಕಡೆಗೆ ಬಾಯಿ ಹಚ್ಚಬಾರದು ಅಂತ ಸ್ವಲ್ಪ ತಿರುಗಿಸಿಕೊಂಡು ಕುಡಿಯುತ್ತಾರೆ. ಕೊನೆಯ ಗುಟುಕನ್ನು ಸದ್ದು ಮಾಡಿಯೇ ಹೀರಬೇಕು. ಆಮೇಲೆ ನನಗೆ ತುಂಬ ಇಷ್ಟವಾದ ಭಾಗ ಬರುತ್ತದೆ. ಬಾಗಿ ಕೂತು, ಮೊಣಕೈಗಳನ್ನು ತೊಡೆಗೆ ಊರಿ, ನೆಲಕ್ಕೆ ಹತ್ತಿರದಲ್ಲೇ ಬಟ್ಟಲನ್ನು ತಿರುಗಿಸಿ ನೋಡುತ್ತಾರೆ. ಎತ್ತರಕ್ಕೆ ಎತ್ತುವುದಿಲ್ಲ, ಜಾರಿದರೆ ಒಡೆಯುತ್ತದೆ ಅಲ್ವಾ. ಬುಡ ಹೇಗೆ ಕೆತ್ತಿದ್ದಾರೆ, ಗ್ಲೇಜ್ ಅಂದರೆ ಮಣ್ಣಿನ ಮೇಲಿನ ಗಾಜಿನಂಥ ಲೇಪ ಎಲ್ಲಿ ನಿಂತಿದೆ, ಯಾರು ಮಾಡಿದ್ದು, ಎಲ್ಲವನ್ನೂ ನೋಡುತ್ತಾರೆ, ಕೇಳುತ್ತಾರೆ. ಕುಡಿದದ್ದು ಎರಡು ನಿಮಿಷ ಇರಬಹುದು. ನೋಡುವುದಕ್ಕೆ ಅದಕ್ಕಿಂತ ಜಾಸ್ತಿ ಹಿಡಿಯುತ್ತದೆ.

ಇದಕ್ಕೆ ತಕ್ಕ ಬಟ್ಟಲು ತಾನಾಗಿ ಬಂದದ್ದಲ್ಲ. 1580ರ ದಶಕದಲ್ಲಿ ಕ್ಯೋಟೊದಲ್ಲಿ ಸೆನ್ ನೊ ರಿಕ್ಯು ಎಂಬ ಚಹಾ ಗುರು ಚೋಜಿರೊ ಎಂಬ ಕುಶಲಕರ್ಮಿಯಿಂದ ಮಾಡಿಸಿದ್ದು. ಅದಕ್ಕೂ ಮೊದಲು ದೊಡ್ಡವರ ಮನೆಗಳಲ್ಲಿ ಚೀನಾದಿಂದ ಬಂದ ನುಣುಪಾದ ಬಟ್ಟಲುಗಳಿಗೆ ಬೆಲೆ ಇತ್ತು. ಚೋಜಿರೊ ತಿಗರಿಯನ್ನೇ ಬಳಸಲಿಲ್ಲ. ಮಣ್ಣನ್ನು ಕೈಯಲ್ಲೇ ಒತ್ತಿ ಎತ್ತಿ, ಆಮೇಲೆ ಕೆತ್ತಿ ಆಕಾರ ಕೊಟ್ಟ. ಕಪ್ಪು ಬಟ್ಟಲನ್ನು ಕೆಂಡದಂತೆ ಹೊಳೆಯುವಾಗಲೇ ಇಕ್ಕಳದಿಂದ ಭಟ್ಟಿಯ ಹೊರಗೆ ತೆಗೆಯುತ್ತಾರೆ. ಇದೇ ರಾಕು. ಗೋಡೆ ದಪ್ಪ, ಮಣ್ಣು ಪೂರ್ತಿ ಗಟ್ಟಿಯಾಗದೆ ಸಣ್ಣ ಸಣ್ಣ ರಂಧ್ರ ಉಳಿದಿರುತ್ತದೆ, ಹಾಗಾಗಿ ಬಿಸಿ ನಿಧಾನಕ್ಕೆ ಹೊರಗೆ ಬರುತ್ತದೆ. ತೆಳು ಪಿಂಗಾಣಿಯಲ್ಲಿ ಬಿಸಿ ಚಹಾ ಹಾಕಿದರೆ ಬೆರಳು ಸುಡುತ್ತದೆ, ಅದಕ್ಕೇ ಹಿಡಿ ಬೇಕು. ರಾಕು ಬಟ್ಟಲನ್ನು ಇಡೀ ಅಂಗೈಯಲ್ಲಿ ಹಿಡಿಯಬಹುದು, ಎರಡೂ ಕೈ ಬೇಕೇ ಬೇಕು, ಮತ್ತೆ ಎರಡೂ ಕೈಯಲ್ಲಿ ಬಟ್ಟಲಿದ್ದಾಗ ಫೋನ್ ಹಿಡಿಯುವುದಕ್ಕೆ ಮೂರನೇ ಕೈ ಇಲ್ಲ. ಕ್ಯೋಟೊದ ರಾಕು ಮನೆತನದವರು ಇವತ್ತಿಗೂ ಇದನ್ನು ಮಾಡುತ್ತಿದ್ದಾರೆ, ಈಗ 16ನೇ ತಲೆಮಾರು.

ಕಾಲಕ್ಕೂ ಬಟ್ಟಲು ಬದಲಾಗುತ್ತದೆ. ಚಳಿಗಾಲಕ್ಕೆ ಆಳವಾದದ್ದು, ಬಿಸಿ ಉಳಿಯಲಿ ಅಂತ. ಬೇಸಿಗೆಗೆ ಅಗಲ ಬಾಯಿಯದ್ದು.

ಇಷ್ಟು ಹೇಳಿದ ಮೇಲೆ, ಇದೆಲ್ಲ ದುಡ್ಡಿದ್ದವರ ಶೋಕಿ ಅಂತ ಯಾರಾದರೂ ಅನ್ನಬಹುದು. ಅವರು ಕಿಜಾಎಮೊನ್ ಬಟ್ಟಲಿನ ಬಗ್ಗೆ ತಿಳಿದುಕೊಳ್ಳಬೇಕು. 16ನೇ ಶತಮಾನದಲ್ಲಿ ಕೊರಿಯಾದಲ್ಲಿ ಯಾರೋ ಹೆಸರಿಲ್ಲದ ಕುಂಬಾರರು ಮಾಡಿದ್ದು. ಚಹಾಕ್ಕಾಗಿ ಮಾಡಿದ್ದಲ್ಲ, ಮನೆಬಳಕೆಯ ಮಾಮೂಲಿ ಬಟ್ಟಲು ಅನ್ನೋದು ಬಹುಕಾಲದ ನಂಬಿಕೆ. ಇವತ್ತು ಅದು ಜಪಾನಿನ ರಾಷ್ಟ್ರೀಯ ಸಂಪತ್ತು, ಕ್ಯೋಟೊದ ದೈತೊಕುಜಿ ದೇವಾಲಯದ ಆವರಣದಲ್ಲಿದೆ. ಮಣ್ಣಿನ ಬಣ್ಣ, ಬುಡದಲ್ಲಿ ಹೆಪ್ಪುಗಟ್ಟಿದಂತೆ ನಿಂತ ಗ್ಲೇಜ್, ಅಷ್ಟೇ. ಚೆಂದ ಕಾಣಲಿ ಅಂತ ಯಾರೂ ಅದಕ್ಕೆ ಏನೂ ಮಾಡಿಲ್ಲ. ಅದಕ್ಕೇ ನನಗೆ ಈಗಿನ ಅಂಗಡಿಗಳಲ್ಲಿ ಬೇಕಂತಲೇ ಸೊಟ್ಟ ಮಾಡಿ ಮಾರುವ ಬಟ್ಟಲುಗಳು ಹಿಡಿಸುವುದಿಲ್ಲ. ಕೈಕೆಲಸದಲ್ಲಿ ಸೊಟ್ಟ ಬಂದರೆ ಬರಲಿ, ಅದನ್ನೇ ಅಲಂಕಾರ ಮಾಡಿಕೊಂಡರೆ ಅದು ಸುಳ್ಳು.

ನಮ್ಮಲ್ಲೂ ಕೈಯಿಂದ ಮಾಡಿದ ಒಳ್ಳೆಯ ಬಟ್ಟಲು ಸಿಗುತ್ತದೆ. 1971ರಲ್ಲಿ ಪಾಂಡಿಚೇರಿಯಲ್ಲಿ ಗೋಲ್ಡನ್ ಬ್ರಿಡ್ಜ್ ಪಾಟರಿ ಶುರು ಮಾಡಿದ ಇಬ್ಬರಲ್ಲಿ ಡೆಬೊರಾ ಸ್ಮಿತ್ ಜಪಾನಿನ ಬಿಜೆನ್‌ನಲ್ಲಿ ಕಲಿತು ಬಂದವರು, ಅಲ್ಲಿಂದ ಕಲಿತವರು ದೇಶದ ನಾನಾ ಕಡೆ ಭಟ್ಟಿ ಹಾಕಿದ್ದಾರೆ. ಬೆಂಗಳೂರಿನಲ್ಲೂ ಸ್ಟುಡಿಯೊಗಳಿವೆ. ಒಂದು ಎಚ್ಚರಿಕೆ ಹೇಳಲೇಬೇಕು. ರಾಕು ಅಂತ ವರ್ಕ್‌ಶಾಪ್‌ಗಳಲ್ಲಿ ಮರದ ಹೊಟ್ಟಿಗೆ ಹಾಕಿ ಹೊಗೆ ಹಿಡಿಸುತ್ತಾರಲ್ಲ, ಅದು 1960ರ ಹೊತ್ತಿಗೆ ಅಮೆರಿಕದಲ್ಲಿ ಬೆಳೆದ ಪದ್ಧತಿ. ನೋಡುವುದಕ್ಕೆ ಸೊಗಸು, ಆದರೆ ಅದರಲ್ಲಿ ಕುಡಿಯಬೇಡಿ. ಹಾಲು ಹಾಕಿದ ಚಹಾಕ್ಕಾದರೆ ಹೆಚ್ಚು ಬಿಸಿಯಲ್ಲಿ ಸುಟ್ಟ ಸ್ಟೋನ್‌ವೇರ್ ತೆಗೆದುಕೊಳ್ಳಿ. ರಂಧ್ರ ಉಳಿದ ಮಣ್ಣು ಹಾಲನ್ನು ಹೀರಿಕೊಂಡು ವಾಸನೆ ಬರುತ್ತದೆ. ಜಪಾನಿನ ಹಾಗಿ ಎಂಬ ಊರಿನ ಬಟ್ಟಲಿನಂಥವು ಬರೀ ಚಹಾವನ್ನು ಹೀರಿಕೊಂಡೇ ವರ್ಷಗಳು ಕಳೆದಂತೆ ಬಣ್ಣ ತಿರುಗುತ್ತವೆ, ಅದನ್ನು ಕಾಯುವುದೇ ಒಂದು ಖುಷಿ. ಇಂಥ ಬಟ್ಟಲನ್ನು ಬಳಸುವ ಮೊದಲು ಸ್ವಲ್ಪ ಹೊತ್ತು ನೀರಲ್ಲಿ ನೆನೆಸಿ, ತೊಳೆದ ಮೇಲೆ ಪೂರ್ತಿ ಒಣಗಿಸಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ.

ಆನ್‌ಲೈನ್‌ನಲ್ಲಿ ಫೋಟೊ ನೋಡಿ ಮಾತ್ರ ಕೊಳ್ಳಬೇಡಿ. ಮಾಡಿದವರ ಹತ್ತಿರ ಹೋಗಿ, ಕೇಳಿ, ಎರಡೂ ಕೈಯಲ್ಲಿ ಹಿಡಿದು ನೋಡಿ. ತೂಕ ಬುಡದಲ್ಲಿ ಕೂರಬೇಕು, ಅಂಚು ತುಟಿಗೆ ಚುಚ್ಚಬಾರದು, ಬುಡದ ಕೆಳಗೆ ಬೆರಳು ತೂರಿಸಿ ಎತ್ತುವುದಕ್ಕೆ ಜಾಗ ಇರಬೇಕು. ಬೆಲೆ ಕಾರ್ಖಾನೆಯ ಮಗ್‌ಗಿಂತ ಜಾಸ್ತಿಯೇ ಇರುತ್ತದೆ, ಚೌಕಾಸಿ ಮಾಡಬೇಡಿ. ಕೊಂಡು ತಂದದ್ದನ್ನು ದಯವಿಟ್ಟು ಶೋಕೇಸಿನಲ್ಲಿ ಇಡಬೇಡಿ, ನಾಳೆ ಬೆಳಗ್ಗೆಯೇ ಅದರಲ್ಲಿ ಚಹಾ ಕುಡಿಯಿರಿ.