ಕೂರುವವಳನ್ನು ಬಿಟ್ಟು ಎಲ್ಲರನ್ನೂ ಕೇಳಿದರು

ಬೆಳಗ್ಗೆಯಿಂದ ತಲೆ ಕೆಟ್ಟಿದೆ. ಇಲ್ಲಿ ಬರೆದು ಮುಗಿಸದಿದ್ದರೆ ಮನೆಯವರ ಮೇಲೆ ಹರಿಹಾಯುತ್ತೇನೆ. ಅದಕ್ಕೇ ನಿಮ್ಮ ತಲೆ ತಿನ್ನಲು ಬಂದೆ.

ನನ್ನ ಬ್ಯಾಟರಿ ವೀಲ್‌ಚೇರನ್ನು ಓಡಿಸುವ ಕೈಕಡ್ಡಿ, ಅಂದರೆ ಜಾಯ್‌ಸ್ಟಿಕ್, ಅದರ ಬುಡದ ರಬ್ಬರ್ ಹರಿದಿತ್ತು. ಸಣ್ಣ ಸಾಮಾನು. ಆದರೆ ಅದು ಹರಿದ ಮೇಲೆ ಒಂದು ಲೋಟ ನೀರು ಚೆಲ್ಲಿದರೂ ಒಳಗಿನ ಎಲೆಕ್ಟ್ರಾನಿಕ್ಸ್ ಢಮಾರ್ ಆಗಬಹುದು. ಹೊಸದು ಹಾಕಿಸೋಣ ಅಂತ ಅಂಗಡಿಗೆ ಹೋಗಿದ್ದೆ. ಅಲ್ಲಿ ಒಂದು ಮನೆಯವರು ಬಂದಿದ್ದರು. ಅಪ್ಪ, ಅಣ್ಣ, ಜೊತೆಗೆ ಎಲ್ಲದಕ್ಕೂ ತಲೆಯಾಡಿಸುವ ಒಬ್ಬ ನೆಂಟರು. ತಳ್ಳುವ ವೀಲ್‌ಚೇರಿನಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗಿ. ಬ್ಯಾಟರಿ ವೀಲ್‌ಚೇರ್ ಬೇಕಾಗಿರೋದು ಅವಳಿಗೆ. ಮಾತೆಲ್ಲ ನಡೆದಿದ್ದು ಅವಳ ತಲೆಯ ಮೇಲಿಂದ.

'ಎಷ್ಟು ಕಿಲೋಮೀಟರ್ ಓಡುತ್ತೆ?' 'ಮಡಚಿ ಕಾರಿಗೆ ಹಾಕಬಹುದಾ?' 'ಎಷ್ಟು ಸ್ಪೀಡ್?'

ರೇಸಿಗೆ ಕಳಿಸುತ್ತಾರೇನೋ ಅನ್ನಿಸಿತು. ಅಂಗಡಿಯವನೂ ಅಷ್ಟೇ ಹುರುಪಿನಲ್ಲಿ ಉತ್ತರ ಕೊಟ್ಟ. ಆ ಕಿಲೋಮೀಟರ್ ಲೆಕ್ಕ ಹೊಸ ಬ್ಯಾಟರಿ, ಸಮತಟ್ಟು ನೆಲ, ಹಗುರ ಮೈಯವರದ್ದು ಅಂತ ಹೇಳಲಿಲ್ಲ. ಏರು ಹತ್ತಿದರೆ, ಒರಟು ರಸ್ತೆಗೆ ಇಳಿದರೆ ಆ ಲೆಕ್ಕ ನೆಲ ಕಚ್ಚುತ್ತೆ. ಹೋಗಲಿ. ಅಳತೆ ಟೇಪು ಅವನ ಮೇಜಿನ ಮೇಲೇ ಬಿದ್ದಿತ್ತು. ಯಾರೂ ಅದನ್ನು ಮುಟ್ಟಲಿಲ್ಲ. ಹುಡುಗಿಯನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಅಲ್ಲ, ಚಪ್ಪಲಿ ತಗೊಳ್ಳುವಾಗಲೂ ಕಾಲು ತೂರಿಸಿ ನೋಡ್ತೀರಲ್ವಾ? ದಿನಕ್ಕೆ ಹತ್ತು ಹನ್ನೆರಡು ಗಂಟೆ ಕೂರುವ ಕುರ್ಚಿಯನ್ನು ನಿಂತವರು ನಿಂತಲ್ಲೇ ಆರಿಸಿಬಿಡ್ತೀರಾ? ಸೀಟು ಅಗಲ ಜಾಸ್ತಿಯಾದರೆ ಮೈ ಒಂದು ಕಡೆಗೆ ವಾಲುತ್ತೆ, ವರ್ಷಗಟ್ಟಲೆ ಹಾಗೇ ಕೂತರೆ ಬೆನ್ನೂ ವಾಲುತ್ತೆ. ಸೀಟು ಉದ್ದವಾದರೆ ಅಂಚು ಮಂಡಿಯ ಹಿಂದೆ ಒತ್ತುತ್ತೆ. ಮಂಡಿಗೂ ಸೀಟಿನ ಅಂಚಿಗೂ ನಡುವೆ ಎರಡು ಮೂರು ಬೆರಳು ಹೋಗುವಷ್ಟು ಜಾಗ ಇರಬೇಕು. ಫುಟ್‌ರೆಸ್ಟ್ ಎತ್ತರವಾಗಿಬಿಟ್ಟರೆ ತೊಡೆ ಮೇಲಕ್ಕೆದ್ದು ಭಾರವೆಲ್ಲ ಕುಂಡಿಯ ಮೂಳೆಗೆ ಬೀಳುತ್ತೆ. ಇದನ್ನು ನೋಡಲು ಬೇಕಾಗಿರೋದು ಒಂದು ಟೇಪು, ಐದು ನಿಮಿಷ. ಆಮೇಲೆ ಕೂತವರನ್ನೇ ಒಂದು ಮಾತು ಕೇಳಿದರಾಯ್ತು.

ನನಗೆ ಇದು ಹೇಗೆ ಗೊತ್ತು ಅಂತ ನಿಮಗೆ ಗೊತ್ತು. ಆದರೂ ಒಂದು ವಿಷಯ ಇಲ್ಲಿವರೆಗೆ ಬರೆದಿರಲಿಲ್ಲ. ನನ್ನ ಮೊದಲ ಚೇರು ಆರಿಸುವಾಗ ನಾನೂ ಬಾಯಿ ಬಿಡಲಿಲ್ಲ. ಸೀಟು ಅಗಲ ಅಂತ ಕೂತ ತಕ್ಷಣ ಗೊತ್ತಾಗಿತ್ತು. ಎಲ್ಲರೂ ಅಷ್ಟು ಖುಷಿಯಾಗಿದ್ದರು, ನಾನು ತಕರಾರು ತೆಗೆಯೋದಾ ಅಂತ ಸುಮ್ಮನಾದೆ. ಆ ಚೇರಿನ ಜೊತೆ ಬಂದ ಕುಶನ್ ಬರೀ ಸ್ಪಂಜು. ಸೊಂಟದ ಕೆಳಗೆ ಸ್ಪರ್ಶ ತಿಳಿಯದ ನನ್ನಂಥವರಿಗೆ ಕೂತಲ್ಲೇ ಒತ್ತಿ ಒತ್ತಿ ಹುಣ್ಣು ಬಂದಿದ್ದು ನೋವಿನಿಂದ ಗೊತ್ತಾಗಲ್ಲ, ಬಟ್ಟೆಯ ಮೇಲಿನ ಕಲೆಯಿಂದ ಗೊತ್ತಾಗುತ್ತೆ. ಅದು ಮಾಯಲು ಎರಡು ತಿಂಗಳು ಬೋರಲು ಮಲಗಿದ್ದೆ.

ಆ ಎರಡು ತಿಂಗಳು ಚೇರು ಮೂಲೆಯಲ್ಲಿ ನಿಂತಿತ್ತು, ಚಾರ್ಜ್ ಇಲ್ಲದೆ. ಲೆಡ್ ಆಸಿಡ್ ಬ್ಯಾಟರಿಯನ್ನು ಖಾಲಿ ಬಿಟ್ಟರೆ ಅದು ಸಾಯುತ್ತೆ, ಬಳಸದಿದ್ದರೂ ಆಗಾಗ ಚಾರ್ಜ್ ಹಾಕಬೇಕು ಅಂತ ಆಗ ನನಗೂ ಗೊತ್ತಿರಲಿಲ್ಲ. ಎರಡು 12 ವೋಲ್ಟ್ ಬ್ಯಾಟರಿ, ಸೇರಿ 24. ಎರಡೂ ಹೋದವು. ಎದ್ದು ಕೂತ ದಿನ ಜಾಯ್‌ಸ್ಟಿಕ್ ಒತ್ತಿದರೆ ಒಂದು ಕೆಂಪು ದೀಪ, ಅಷ್ಟೇ. ಒಂದನ್ನು ಮಾತ್ರ ಬದಲಾಯಿಸಿ ಉಳಿಸೋಣ ಅಂದರು ಒಬ್ಬರು ಜಾಣರು. ಹಳೇದರ ಜೊತೆ ಹೊಸದನ್ನು ಕಟ್ಟಿದರೆ ಹಳೇದು ಹೊಸದನ್ನೂ ಎಳೆದುಕೊಂಡು ಹೋಗುತ್ತೆ. ಜೋಡಿಯಾಗೇ ಹಾಕಬೇಕು.

ಇದನ್ನೆಲ್ಲ ಅಂಗಡಿಯಲ್ಲಿ ಯಾರಾದರೂ ಹೇಳ್ತಾರಾ? ಹೇಳಿದರೂ ಯಾರಿಗೆ? ಅಣ್ಣನಿಗೆ! ಮೋಟರಿನ ಪಕ್ಕದ ಲಿವರ್ ಎತ್ತಿದರೆ ಮಾತ್ರ ಚೇರು ತಳ್ಳಲು ಬರುತ್ತೆ, ಆದರೆ ಆಗ ಬ್ರೇಕ್ ಇರಲ್ಲ, ಇಳಿಜಾರಿನಲ್ಲಿ ಎತ್ತಬಾರದು ಅಂತ ಅಣ್ಣ ಕಲಿತು ಮನೆಗೆ ಹೋಗ್ತಾನೆ. ಮರುದಿನ ಅಣ್ಣ ಕೆಲಸಕ್ಕೆ ಹೋಗ್ತಾನೆ. ಇಳಿಜಾರಿನಲ್ಲಿ ಯಾರೋ ಪುಣ್ಯಾತ್ಮರು 'ನಾನು ತಳ್ತೀನಿ ಬಿಡಮ್ಮ' ಅಂತ ಲಿವರಿಗೆ ಕೈ ಹಾಕಿದಾಗ 'ಬೇಡ' ಅನ್ನಬೇಕಾದವಳು ಅವಳು. ಮುಂದಿನ ಸಣ್ಣ ಗಾಲಿಗಳ ಅಚ್ಚಿಗೆ ಕೂದಲು, ದಾರ ಸುತ್ತಿಕೊಂಡು ಚೇರು ಒಂದು ಕಡೆಗೆ ಎಳೆಯುವುದು ಮೊದಲು ಗೊತ್ತಾಗುವುದೂ ಅವಳ ಕೈಗೇ. ನಾನು ತಿಂಗಳಿಗೊಮ್ಮೆ ಅದನ್ನು ಬಿಡಿಸಿ ತೆಗೆಸುತ್ತೇನೆ. ಹೋದ ಸಲ ಸಿಕ್ಕ ಕೂದಲಿನಲ್ಲಿ ಒಂದು ಸವರಿ ಕಟ್ಟಬಹುದಿತ್ತು.

ಈಗ ಕೆಲವರು ಬರ್ತೀರಿ, ಗೊತ್ತು. 'ದುಡ್ಡು ಕೊಡುವವರು ಮನೆಯವರು, ಪ್ರೀತಿಯಿಂದ ತಂದುಕೊಡ್ತಾರೆ, ಅದರಲ್ಲೂ ತಪ್ಪು ಹುಡುಕ್ತೀರಾ?' ಪ್ರೀತಿ ಇಲ್ಲ ಅಂತ ಯಾರು ಹೇಳಿದರು? ನನ್ನ ಮನೆಯವರಿಗೂ ಬೇಕಾದಷ್ಟಿತ್ತು. ಹುಣ್ಣು ಬಂದಿದ್ದು ಆ ಪ್ರೀತಿಯ ಕುಶನ್ ಮೇಲೆ ಕೂತೇ. ಇನ್ನು ಮಡಚುವುದು, ತೂಕ, ಇವೂ ಕೇಳಬೇಕಾದವೇ, ಕಾರಿಗೆ ಎತ್ತುವವರ ಸೊಂಟವೂ ಸೊಂಟವೇ. ಆದರೆ ಅದು ಎರಡನೇ ಪ್ರಶ್ನೆ ರೀ.

ಅಂಗಡಿಗೆ ವಾಪಸ್ ಬರೋಣ. ಅಣ್ಣ ಒಂದನ್ನು ಹೆಚ್ಚುಕಮ್ಮಿ ಒಪ್ಪಿಬಿಟ್ಟಿದ್ದ. ಕಪ್ಪು ಬಣ್ಣ, ಮಿಂಚುವ ಚಕ್ರ. ನಾನು ಅಷ್ಟು ಹೊತ್ತು ಆ ಹುಡುಗಿಯನ್ನೇ ನೋಡ್ತಿದ್ದೆ. ಅವಳ ಬಲಗೈ ಬಂದಾಗಿನಿಂದ ಮಡಿಲಲ್ಲೇ ಇತ್ತು. ಫೋನು ತೆಗೆದಿದ್ದು, ಕೂದಲು ಸರಿಸಿದ್ದು, ಎಲ್ಲ ಎಡಗೈಯಲ್ಲಿ. ಆ ಚೇರಿನ ಜಾಯ್‌ಸ್ಟಿಕ್ ಇದ್ದದ್ದು ಬಲಕ್ಕೆ. ಎಡಕ್ಕೆ ಬದಲಾಯಿಸುವುದು ಬಹಳ ಚೇರುಗಳಲ್ಲಿ ಒಂದೆರಡು ಸ್ಕ್ರೂ ಬಿಚ್ಚುವಷ್ಟೇ ಕೆಲಸ. ಅದನ್ನು ಕೇಳಲೂ ಯಾರೋ ಒಬ್ಬರು ಅವಳನ್ನು ನೋಡಬೇಕಿತ್ತು, ಅಲ್ವಾ?

ತಡೆಯಲಾಗಲಿಲ್ಲ. ನನ್ನ ಚೇರು ಓಡಿಸಿಕೊಂಡು ಹೋಗಿ ಅವಳ ಎದುರು ನಿಲ್ಲಿಸಿದೆ. 'ಆ ಕಪ್ಪು ಚೇರಲ್ಲಿ ಒಂದು ಸಲ ಕೂತು ನೋಡ್ತೀಯೇನಮ್ಮ?' ಅಂದೆ. ಅಣ್ಣ ಮುಖ ಗಂಟು ಹಾಕಿದ. ಅಪ್ಪ ಎತ್ತಿ ಕೂರಿಸಿದರು. ಅಂಗಡಿಯವನು ಗೊಣಗುತ್ತಲೇ ಜಾಯ್‌ಸ್ಟಿಕ್ ಎಡಕ್ಕೆ ಹಾಕಿಕೊಟ್ಟ. ಅವಳು ನಿಧಾನಕ್ಕೆ ಒಂದು ಸುತ್ತು ಹೊಡೆದಳು. ಆಮೇಲೆ ಸೀದಾ ಅವನ ಮೇಜಿನ ಹತ್ತಿರ ಹೋಗಿ ಮಂಡಿ ಒಳಗೆ ತೂರಿಸಲು ನೋಡಿದಳು. ಆರ್ಮ್‌ರೆಸ್ಟ್ ಮೇಜಿನ ಅಂಚಿಗೆ ಟಕ್ ಅಂತ ತಾಗಿತು. ಹಿಂದೆ ಬಂದು ಇನ್ನೊಮ್ಮೆ ನೋಡಿದಳು. ಮತ್ತೆ ಟಕ್.

'ಇದು ಬೇಡ. ಇದರಲ್ಲಿ ಕೂತು ಬರೆಯೋಕೆ ಆಗಲ್ಲ' ಅಂದಳು. ಸ್ಪಷ್ಟವಾಗಿ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ.

ಅಂಗಡಿಯವನು ಅಣ್ಣನ ಕಡೆ ತಿರುಗಿದ. 'ಏನು ಸಾರ್, ಬೇಡ್ವಂತಾ?'