ಹಳೇ ಸೋಫಾ ಒಯ್ಯೋಕೆ ನಾಲ್ಕು ಸಾವಿರ ಯಾಕೆ?

ಹೋದ ತಿಂಗಳು ಅಮ್ಮನ ಮನೆ ಖಾಲಿ ಮಾಡಿದೆವು. ಬೆಂಗಳೂರಿನ ವಿಜಯನಗರ, ಎರಡನೇ ಮಹಡಿ, ಲಿಫ್ಟ್ ಇಲ್ಲ. ಇಪ್ಪತ್ತೆರಡು ವರ್ಷದ ಸಂಸಾರ. ಬೇಕಾದ್ದೆಲ್ಲ ತಂಗಿ ಮನೆಗೆ ಹೋಯಿತು. ಉಳಿದದ್ದು ಮೂರು ಸೀಟಿನ ಸೋಫಾ, ಎರಡು ನಾರಿನ ಹಾಸಿಗೆ, ತೇವ ಕುಡಿದು ಉಬ್ಬಿದ ವಾರ್ಡ್‌ರೋಬ್, ಕಬ್ಬಿಣದ ಮಂಚ, ಒಂದು ಟ್ಯೂಬ್ ಟಿವಿ. ಎಲ್ಲ ಒಯ್ಯೋಕೆ ಎಷ್ಟಾಗುತ್ತೆ ಅಂತ ಕೇಳಿದರೆ ಒಬ್ಬರು 4,200 ಅಂದರು, ಇನ್ನೊಬ್ಬರು 1,300. ಅಮ್ಮನಿಗೆ ಎರಡನ್ನೂ ಕೇಳಿ ಸಿಟ್ಟು ಬಂತು. "ಸಾಮಾನೂ ನಮ್ಮದೇ, ದುಡ್ಡೂ ನಾವೇ ಕೊಡಬೇಕಾ?"

ಅಮ್ಮ ಹಾಗೆ ಕೇಳಿದ್ದರಲ್ಲಿ ತಪ್ಪಿಲ್ಲ. ನಾವು ಬೆಳೆದದ್ದೇ ಹಾಗೆ ಅಲ್ವಾ. "ಹಳೇ ಪೇಪರ್, ಹಳೇ ಕಬ್ಬಿಣ" ಅಂತ ಕೂಗ್ತಾ ಬಂದವರು ತೂಕ ಹಾಕಿ ನಮಗೇ ದುಡ್ಡು ಎಣಿಸಿ ಕೊಡುತ್ತಿದ್ದರು. ಹಳೇ ಬಟ್ಟೆ ಕೊಟ್ಟರೆ ಸ್ಟೀಲ್ ಪಾತ್ರೆ ಬರುತ್ತಿತ್ತು. ಹಾಸಿಗೆ ಗಂಟು ಗಂಟಾದರೆ ಪಿಂಜಾರರು ಬಿಲ್ಲು ಹಿಡಿದುಕೊಂಡು ಬಂದು ಅಂಗಳದಲ್ಲೇ ಹತ್ತಿ ಹಿಂಜಿ, ಅದೇ ಹತ್ತಿ ತುಂಬಿ ಹೊಸ ಹಾಸಿಗೆ ಮಾಡಿಕೊಟ್ಟು ಹೋಗುತ್ತಿದ್ದರು. ಮನೆಯಲ್ಲಿ ಇದ್ದದ್ದೆಲ್ಲ ಹತ್ತಿ, ಕಬ್ಬಿಣ, ಹಿತ್ತಾಳೆ, ಗಟ್ಟಿ ಮರ. ಯಾವುದೂ ಕಸ ಆಗುತ್ತಿರಲಿಲ್ಲ.

ಈಗಿನ ಸಾಮಾನು ಹಾಗಲ್ಲ. ನಾರಿನ ಹಾಸಿಗೆ ಅಂತ ನಾವು ಕರೆಯೋದು ಬರೀ ತೆಂಗಿನ ನಾರಲ್ಲ, ಅದಕ್ಕೆ ರಬ್ಬರ್ ಹಾಲು ಸೇರಿಸಿ ಒತ್ತಿರುತ್ತಾರೆ. ಅದನ್ನು ಹಿಂಜೋಕಾಗಲ್ಲ. ವಾರ್ಡ್‌ರೋಬ್ ಮರದ ಪುಡಿಗೆ ಅಂಟು ಕಲಸಿ ಮಾಡಿದ್ದು, ಒಮ್ಮೆ ನೀರು ಕುಡಿದರೆ ಸ್ಕ್ರೂ ಕೂಡ ನಿಲ್ಲಲ್ಲ. ಸೌದೆಗೂ ಬೇಡ, ಅಂಟಿನ ಹೊಗೆ ಕೆಟ್ಟದ್ದು. ಗುಜರಿಯವರು ಇಂಥದ್ದನ್ನು ಮುಟ್ಟಲ್ಲ. ಅದು ಅವರ ಕೊಬ್ಬಲ್ಲ. ಇಟ್ಟುಕೊಂಡು ಅವರೇನು ಮಾಡಬೇಕು? ನಮ್ಮ ಬೀದಿಗೆ ಬರುವ ಕಸದ ಆಟೋದವರೂ ಸೋಫಾ ನೋಡಿ ತಲೆ ಅಲ್ಲಾಡಿಸಿದರು.

ನಾವು 4,200 ಹೇಳಿದವರನ್ನೇ ಕರೆಸಿದೆವು. ಕಾರಣ ಆಮೇಲೆ ಹೇಳುತ್ತೇನೆ. ಲೆಕ್ಕ ಬಿಡಿಸಿ ಹೇಳಿ ಅಂದೆ, ಬೇಜಾರು ಮಾಡಿಕೊಳ್ಳದೆ ಹೇಳಿದರು. ಗಾಡಿಗೆ 1,600. ಇಬ್ಬರು ಹುಡುಗರಿಗೆ ಅರ್ಧ ದಿನಕ್ಕೆ ತಲಾ 900. ಉಳಿದ 800ರಲ್ಲಿ ಸಾಮಾನು ಬಿಚ್ಚುವ ಜಾಗದ ಖರ್ಚು, ಯಾರಿಗೂ ಬೇಡದ್ದನ್ನು ಕಸದವರಿಗೆ ಒಪ್ಪಿಸುವ ಖರ್ಚು, ಅವರ ದುಡಿಮೆ ಎಲ್ಲ ಸೇರಿತ್ತು. ಕಬ್ಬಿಣದ ಮಂಚ ಅವರೇ ತೂಗಿದರು, 31 ಕಿಲೋ ಬಂತು. ಅದಕ್ಕೆ 800 ಕಳೆದರು. ನಾವು ಕೊಟ್ಟದ್ದು 3,400.

ಗಾಡಿಗೆ ಅಷ್ಟೊಂದಾ ಅಂತ ಮೊದಲು ನನಗೂ ಅನ್ನಿಸಿತ್ತು. ಲೋಡ್ ಮಾಡುವಾಗ ಗೊತ್ತಾಯಿತು. ಟಾಟಾ ಏಸ್ ಮುಕ್ಕಾಲು ಟನ್‌ನಷ್ಟು ಭಾರ ಹೊರುತ್ತೆ, ಆದರೆ ಹಿಂದಿನ ತೊಟ್ಟಿ ಏಳಡಿ ಉದ್ದ, ಐದಡಿಗೂ ಕಮ್ಮಿ ಅಗಲ. ಒಂದು ಸೋಫಾ, ಎರಡು ಹಾಸಿಗೆ, ವಾರ್ಡ್‌ರೋಬ್ ಹಾಕಿದರೆ ಮುಗೀತು. ನಮ್ಮ ಸಾಮಾನಿನ ತೂಕ ಇನ್ನೂರು ಕಿಲೋ ಸುತ್ತಮುತ್ತ ಇರಬಹುದು. ಹಣ ಹೋಗೋದು ತೂಕಕ್ಕಲ್ಲ, ಅದು ತಿನ್ನುವ ಜಾಗಕ್ಕೆ.

ಇನ್ನು ಮೆಟ್ಟಿಲು. ಆರಡಿ ಹಾಸಿಗೆ ತಿರುವಿನಲ್ಲಿ ಬಗ್ಗಲ್ಲ. ಒಬ್ಬ ಮೇಲಿಂದ ಹಗ್ಗ ಹಿಡಿದ, ಇನ್ನೊಬ್ಬ ಕೆಳಗೆ ನಿಂತು ತಲೆ ಕೊಟ್ಟ. ಕಣ್ಣಿಗೆ ಏನೂ ಕಾಣದೆ ಕಾಲಲ್ಲೇ ಮೆಟ್ಟಿಲು ತಡಕ್ತಾ ಇಳಿದ. ಎರಡು ಸಲ. ಸೋಫಾ ತಿರುವಿನಲ್ಲಿ ಸಿಕ್ಕಿಕೊಂಡಿತು, ವಾಪಸ್ ಮೇಲೆ ತಂದು ಹಾಲ್‌ನಲ್ಲೇ ಬಿಚ್ಚಬೇಕಾಯಿತು. ರೆಕ್ಸಿನ್ ಕೊಯ್ದರೆ ಕೆಳಗೆ ಗೋಣಿ, ಅದರ ಕೆಳಗೆ ಹಳದಿ ತಿರುಗಿ ಪುಡಿಯಾಗುವ ಫೋಮ್, ಆಮೇಲೆ ಪಟ್ಟಿ, ಸ್ಪ್ರಿಂಗ್, ನೂರಾರು ಸಣ್ಣ ಪಿನ್. ಪಿನ್ ಒಂದೊಂದಾಗಿ ಕೀಳಬೇಕು, ಇಲ್ಲದಿದ್ದರೆ ಮರ ತಗೊಳ್ಳೋರಿಲ್ಲ. ಹುಡುಗನ ಹೆಬ್ಬೆರಳು ಕೊಯ್ದು ರಕ್ತ ಬಂತು. ಅಮ್ಮ ಓಡಿ ಹೋಗಿ ಅರಿಶಿನ ತಂದರು. ಸೀಟಿನ ಸಂದಿಯಲ್ಲಿ ಎರಡು ನಾಣ್ಯ, ಹೇರ್‌ಪಿನ್‌ಗಳು, ಅಪ್ಪನ ಕನ್ನಡಕದ ಒಂದು ಕಾಲು ಸಿಕ್ಕವು. ಅವನು ಅಷ್ಟನ್ನೂ ಒರೆಸಿ ಅಮ್ಮನ ಕೈಗೆ ಕೊಟ್ಟ. ಪೂರ್ತಿ ಬಿಚ್ಚೋಕೆ ಒಂದೂಕಾಲು ಗಂಟೆ ಆಯಿತು. ಅಷ್ಟು ಮಾಡಿದ ಮೇಲೆ ಮಾರೋಕೆ ಅಂತ ಸಿಕ್ಕಿದ್ದು ಒಂದಿಷ್ಟು ಕಾಡುಮರ, ಒಂದು ಬಕೆಟ್ ಸ್ಪ್ರಿಂಗ್, ಅಷ್ಟೇ. ಆಮೇಲೆ ಅಮ್ಮ 4,200ರ ಮಾತು ಎತ್ತಲಿಲ್ಲ. ಇಬ್ಬರಿಗೂ ಉಪ್ಪಿಟ್ಟು ಮಾಡಿಕೊಟ್ಟರು.

ಹಾಗಾದರೆ 1,300ಕ್ಕೆ ಒಯ್ತೀನಿ ಅಂದವರು ಹೇಗೆ ಒಯ್ಯುತ್ತಿದ್ದರು? ಗಾಡಿ ಬಾಡಿಗೆಗೇ ಸಾಲಲ್ಲ. ಉತ್ತರ ನನಗೆ ಗೊತ್ತು, ಯಾಕಂದರೆ ಮೂರು ವರ್ಷದ ಹಿಂದೆ ನಾನೇ ಹಾಗೆ ಕೊಟ್ಟಿದ್ದೆ. 700 ರೂಪಾಯಿ, ಒಂದು ಹಾಸಿಗೆ, ಎರಡು ಕುರ್ಚಿ. ಎಲ್ಲಿ ಹಾಕ್ತೀರಿ ಅಂತ ಕೇಳಲಿಲ್ಲ. ಹತ್ತು ದಿನ ಆದ ಮೇಲೆ ರಿಂಗ್ ರೋಡ್ ಕಡೆಯ ರಾಜಕಾಲುವೆ ಪಕ್ಕ ಹೋಗುತ್ತಿದ್ದಾಗ ನೀಲಿ ಹೂವಿನ ಹಾಸಿಗೆ ಕಂಡಿತು. ಮೂಲೆಯಲ್ಲಿ ಅಮ್ಮ ಕೆಂಪು ದಾರದಲ್ಲಿ ಹಾಕಿದ್ದ ತೇಪೆ. ಅರ್ಧ ಕಾಲುವೆಯೊಳಗೆ ಇಳಿದಿತ್ತು, ಅದಕ್ಕೆ ಪ್ಲಾಸ್ಟಿಕ್ ಎಲ್ಲ ಬಂದು ತಡೆದು ನಿಂತಿತ್ತು. ಮಳೆಗಾಲ ಬೇರೆ. ಆ ಕಾಲುವೆ ಕಟ್ಟಿಕೊಂಡರೆ ನೀರು ನುಗ್ಗೋದು ಪಕ್ಕದ ಶೀಟ್ ಮನೆಗಳಿಗೆ. ನನಗೆ ಹೊಟ್ಟೆಯಲ್ಲಿ ಸಂಕಟ ಆಯಿತು. ಆವತ್ತು ಉಳಿಸಿದ ದುಡ್ಡಿನ ಬೆಲೆಯನ್ನು ಆ ಮನೆಗಳವರು ತೆರಬೇಕಾಗಿತ್ತು.

ಬೀದಿ, ಚರಂಡಿ, ಕೆರೆಗೆ ಕಸ ಎಸೆಯಬಾರದು, ಸುಡಬಾರದು ಅಂತ 2016ರ ಘನತ್ಯಾಜ್ಯ ನಿಯಮದಲ್ಲೇ ಇತ್ತು. ಅದರ ಹೊಣೆ ಕಸ ಹುಟ್ಟಿಸಿದ ಮನೆಯವರದ್ದು, ಗಾಡಿಯವರದ್ದು ಮಾತ್ರ ಅಲ್ಲ. ಬೆಂಗಳೂರಿನ ಕಸವನ್ನು ಊರಾಚೆಯ ಮಾವಳ್ಳಿಪುರ, ಮಂಡೂರು ಅನ್ನೋ ಹಳ್ಳಿಗಳಲ್ಲಿ ಸುರಿಯುತ್ತಿದ್ದರು. ಮಾವಳ್ಳಿಪುರದವರು ಸಾಕು ಅಂದ ಮೇಲೆ 2012ರಲ್ಲಿ ಅಲ್ಲಿಗೆ ಹೋಗೋದು ನಿಂತಿತು. ಮಂಡೂರಿನವರು 2014ರಲ್ಲಿ ರಸ್ತೆಗೆ ಇಳಿದು ನಿಲ್ಲಿಸಿದರು. ಆ ಊರುಗಳ ಬಾವಿ ನೀರು ಏನಾಯಿತು ಅಂತ ಅಲ್ಲಿಯವರನ್ನೇ ಕೇಳಬೇಕು. ನಮ್ಮ ಸಾಮಾನು ಎಲ್ಲಿಗೋ ಹೋಯಿತು ಅಂದರೆ ಯಾರದ್ದೋ ಊರಿಗೆ ಹೋಯಿತು ಅಂತಲೇ ಅರ್ಥ.

ದುಡ್ಡು ಎಲ್ಲರ ಹತ್ತಿರ ಇರಲ್ಲ, ಅದು ನನಗೂ ಗೊತ್ತು. ಕಮ್ಮಿ ಮಾಡಿಕೊಳ್ಳೋಕೆ ದಾರಿ ಇದೆ. ಪೇಪರ್, ಕಬ್ಬಿಣ ಇಂಥವನ್ನು ಗುಜರಿಗೆ ಮೊದಲೇ ಕೊಟ್ಟುಬಿಡಬೇಡಿ. ಸಾಮಾನು ಒಯ್ಯೋಕೆ ಬರುವವರಿಗೇ ಎಲ್ಲ ಒಟ್ಟಿಗೆ ತೋರಿಸಿ ಬೆಲೆ ಮಾತಾಡಿ, ಅವುಗಳ ದುಡ್ಡು ನಿಮ್ಮ ಹಾಸಿಗೆಯ ಖರ್ಚನ್ನು ಸ್ವಲ್ಪ ಹೊರುತ್ತೆ. ಮಂಚ, ಟೇಬಲ್ ನೀವೇ ಬಿಚ್ಚಿ ಕೆಳಗೆ ಇಳಿಸಿದರೆ ಕೂಲಿ ಇಳಿಯುತ್ತೆ. ಪಕ್ಕದ ಮನೆಯವರದ್ದೂ ಇದ್ದರೆ ಒಂದೇ ಗಾಡಿಗೆ ಸೇರಿಸಿ, ಬಾಡಿಗೆ ಹಂಚಿಕೊಳ್ಳಿ. ಫೋನಲ್ಲಿ ಬೆಲೆ ಕೇಳುವಾಗ ಫೋಟೋ ಕಳಿಸಿ, ಎಷ್ಟನೇ ಮಹಡಿ, ಗಾಡಿ ಗೇಟಿನ ತನಕ ಬರುತ್ತಾ ಅಂತ ಮೊದಲೇ ಹೇಳಿ. ಇಲ್ಲದಿದ್ದರೆ ಬಂದ ಮೇಲೆ ಜಗಳ ಗ್ಯಾರಂಟಿ. ಮತ್ತೆ ಇದೆಲ್ಲ ಎಲ್ಲಿಗೆ ಹೋಗುತ್ತೆ ಅಂತ ಬಾಯಿಬಿಟ್ಟು ಕೇಳಿ. ನಮ್ಮವರು ನಾಯಂಡಹಳ್ಳಿ ಕಡೆ ಪ್ಲಾಸ್ಟಿಕ್ಕು, ಜಾಲಿ ಮೊಹಲ್ಲಾಗೆ ಕಬ್ಬಿಣ ಅಂತ ಒಂದೊಂದರ ದಾರಿ ಹೇಳಿದರು. 1,300ರವರು "ಅದೆಲ್ಲ ನಿಮಗ್ಯಾಕೆ ಸಾರ್" ಅಂದಿದ್ದರು. ನಾನು ಅವರನ್ನು ಬೇಡ ಅಂದದ್ದು ಅದಕ್ಕೇ.

ಟ್ಯೂಬ್ ಟಿವಿ ಮಾತ್ರ ಇನ್ನೂ ಹೋಗಿಲ್ಲ. ಗುಜರಿಯವರು 150 ಕೊಡ್ತೀನಿ ಅಂದರು. ತಾಮ್ರದ ಸುರುಳಿ ಕಿತ್ತುಕೊಂಡು ಗಾಜು ಎಲ್ಲೋ ಒಡೆದು ಹಾಕುತ್ತಾರೆ. ಆ ಗಾಜಿನಲ್ಲಿ ಸೀಸ (ಲೆಡ್) ಅನ್ನೋ ವಿಷದ ಲೋಹ ಇರುತ್ತೆ. ಇ-ತ್ಯಾಜ್ಯ ತಗೊಳ್ಳುವ ನೋಂದಾಯಿತ ಕಡೆ ಮಾತಾಡಿದ್ದೇನೆ, ಮುಂದಿನ ಶನಿವಾರ ಒಯ್ದು ಕೊಡಬೇಕು, ಆಟೋ ಖರ್ಚು ನಂದೇ. ಅಲ್ಲಿ ತನಕ ನಮ್ಮ ಬಾಲ್ಕನಿಯಲ್ಲಿ ಬೆಡ್‌ಶೀಟ್ ಹೊದಿಸಿ ಇಟ್ಟಿದ್ದೇನೆ.